ಕಟ್ಟುಕೊಡಗಿಯಿಂದ ಟೌನ್‌ಶಿಪ್‌ವರೆಗೆ: ಕಂದಾಯ ಬಿಟ್ಟುಕೊಟ್ಟ ಕಥೆ

ಹಿಪ್ಪುನೇರಳೆ ಕಡ್ಡಿ ಕಟಾವಿನ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರ. ಈ ವಾರ ಬೇರೆ ವಿಷಯ, ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಬಿಡದಿ ಟೌನ್‌ಶಿಪ್ ಸುದ್ದಿ ಮತ್ತೆ ಎದ್ದ ಮೇಲೆ ಸಾತನೂರು ಕಡೆ ಹುಡುಗರು ನನ್ನನ್ನ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣ, ನಾವು ಹತ್ತು ಗುಂಟೆ ಕೊಂಡ್ರೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪೂರ್ತಿ ದುಡ್ಡು ಕಟ್ಟಿಸ್ಕೊಂತಾರೆ. ನೂರಾರು ಎಕರೆ ತಗೊಳ್ಳೋ ಕಂಪನಿಗೆ ಮಾತ್ರ ಯಾಕೆ ಮಾಫಿ?" ಸಿಟ್ಟಲ್ಲಿ ಕೇಳ್ತಾರೆ. ಸಿಟ್ಟಿಗೆ ಕಾರಣ ಇದೆ. ಆದರೆ ಸಿಟ್ಟಲ್ಲೇ ಉತ್ತರ ಹೇಳಿದ್ರೆ ಅರ್ಧ ವಿಷಯ ಬಿಟ್ಟುಹೋಗುತ್ತೆ. ಕಂದಾಯ ಬಿಟ್ಟುಕೊಡೋದು ಮೊನ್ನೆ ಶುರುವಾದದ್ದಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೆ ನೂರಾರು ವರ್ಷದ ಇತಿಹಾಸ ಇದೆ. ಆ ಇತಿಹಾಸ ಗೊತ್ತಿದ್ದರೆ ಈಗಿನ ರಿಯಾಯಿತಿಯಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಅಳೆಯೋಕೆ ಒಂದು ಸೇರು ಸಿಗುತ್ತೆ.

ಮೊದಲು ಹಳೇ ಪದಗಳನ್ನ ನೋಡೋಣ. ಹಳೇ ಮೈಸೂರು ಸೀಮೆಯ ಕಂದಾಯ ಲೆಕ್ಕದಲ್ಲಿ 'ಕಟ್ಟುಕೊಡಗಿ' ಅಂತ ಒಂದು ಬಾಬ್ತು ಇತ್ತು. ಯಾರಾದರೂ ಕೆರೆ ಕಟ್ಟಿಸಿದರೆ, ಇಲ್ಲಾ ಒಡೆದ ಕೆರೆಯನ್ನ ದುರಸ್ತಿ ಮಾಡಿಸಿದರೆ, ಅವನಿಗೆ ಒಂದಷ್ಟು ಜಮೀನನ್ನು ಕಂದಾಯ ಇಲ್ಲದೆಯೋ ಹಗುರ ಕಂದಾಯಕ್ಕೋ ಬಿಟ್ಟುಕೊಡ್ತಿದ್ದರು. ಇನ್ನೂ ಹಿಂದಿನ ಶಾಸನಗಳಲ್ಲಿ 'ಬಿತ್ತುವಟ್ಟ' ಅನ್ನೋ ಮಾತು ಬರುತ್ತೆ, ಅದೂ ಕೆರೆ ಸಂಬಂಧದ ದತ್ತಿಯೇ. ಇದರ ಲೆಕ್ಕ ಸರಳ. ರಾಜ ಒಂದು ತುಂಡು ಜಮೀನಿನ ಕಂದಾಯ ಕಳ್ಕೊಂಡ. ಕೆರೆ ನಿಂತಿದ್ದರಿಂದ ಅದರ ಕೆಳಗಿನ ಅಚ್ಚುಕಟ್ಟು ತರಿಯಾಯ್ತು, ಖುಷ್ಕಿ ಕಂದಾಯದ ಜಾಗದಲ್ಲಿ ತರಿ ಕಂದಾಯ ಬಂತು. ಊರಿಗೆ ನೀರು ಬಂತು, ದನಕ್ಕೆ ಕುಡಿಯೋಕೆ ಆಯ್ತು. ಕೆಲಸ ಆಗಿದೆಯೋ ಇಲ್ಲವೋ ಅಂತ ನೋಡೋಕೆ ಯಾವ ಆಡಿಟರೂ ಬೇಕಿರಲಿಲ್ಲ. ಏರಿ ಮೇಲೆ ನಿಂತು ನೋಡಿದರೆ ಸಾಕು.

ಇನ್ನೊಂದು ಪದ 'ಶ್ರಾಯ'. ಪಾಳುಬಿದ್ದ ನೆಲ, ಪೊದೆ ಬೆಳೆದ ನೆಲವನ್ನ ಒಕ್ಕಲಿಗನಿಗೆ ಕೊಡೋವಾಗ ಮೊದಲ ವರ್ಷವೇ ಪೂರ್ತಿ ಕಂದಾಯ ಹಾಕಿದರೆ ಯಾರೂ ಮುಟ್ಟಲ್ಲ. ಪೊದೆ ಕಡಿದು, ಕಲ್ಲು ಆರಿಸಿ, ಬದು ಹಾಕಿ, ನೆಲ ಹದಕ್ಕೆ ಬರೋಕೆ ಕೆಲವು ವರ್ಷ ಬೇಕು. ಅದಕ್ಕೇ ಮೊದಲ ವರ್ಷ ಕಡಿಮೆ, ಆಮೇಲೆ ವರ್ಷ ವರ್ಷ ಸ್ವಲ್ಪ ಏರಿಸಿ, ಗೊತ್ತಾದ ಅವಧಿ ಮುಗಿದ ಮೇಲೆ ಪೂರ್ತಿ ದರ. ಇವತ್ತು ವಿಕಾಸ ಸೌಧದಲ್ಲಿ ಕೂತು 'ಟ್ಯಾಕ್ಸ್ ಹಾಲಿಡೇ' ಅಂತ ಬರೀತಾರಲ್ಲ, ಅದರ ಅಜ್ಜ ಈ ಶ್ರಾಯ. ಇದರಲ್ಲಿ ನನಗೆ ಇಷ್ಟವಾಗೋದು ಎರಡು. ಅವಧಿ ಮೊದಲೇ ನಿಗದಿ. ರಿಯಾಯಿತಿ ತಗೊಂಡವನ ಮೈ ಬೆವರೂ ಅದರಲ್ಲಿ ಇದೆ.

ಮೂರನೇದು ಇನಾಂ. ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತೆ. ದೇವಸ್ಥಾನಕ್ಕೆ, ಮಠಕ್ಕೆ, ವಿದ್ವಾಂಸರಿಗೆ, ಅಧಿಕಾರಿಗಳಿಗೆ ಊರಿಗೆ ಊರನ್ನೇ ಬಿಟ್ಟುಕೊಟ್ಟದ್ದಿದೆ. ಪೂರ್ತಿ ಮಾಫಿ ಆದರೆ ಸರ್ವಮಾನ್ಯ. ಒಂದಿಷ್ಟು ಹಗುರ ಕಂದಾಯ ಕಟ್ಟಬೇಕಾದರೆ ಜೋಡಿ ಗ್ರಾಮ. ಕಂದಾಯವನ್ನ ಶಾಶ್ವತವಾಗಿ ಒಂದೇ ಮೊತ್ತಕ್ಕೆ ಕಟ್ಟಿಹಾಕಿದರೆ ಕಾಯಂಗುತ್ತ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರು ಸಿಕ್ಕಿದ್ದು ನಮ್ಮ ಕಡೆ ದೊಡ್ಡ ಉದಾಹರಣೆ. ಇಲ್ಲಿ ಉಳುವವನಿಗೆ ಏನೂ ಮಾಫಿ ಇರಲಿಲ್ಲ, ಅದನ್ನ ಗಮನಿಸಿ. ಅವನು ಇನಾಂದಾರನಿಗೆ ಕೊಡೋದನ್ನ ಕೊಡಲೇಬೇಕಿತ್ತು. ಮಾಫಿ ಇದ್ದದ್ದು ಮಧ್ಯದವನಿಗೆ. ಮೊದಲನೇ ತಲೆಮಾರು ಏನೋ ಸೇವೆ ಮಾಡಿ ಪಡೆದದ್ದಿರಬಹುದು. ಮೂರು, ನಾಲ್ಕನೇ ತಲೆಮಾರಿಗೆ ಸೇವೆ ಹೋಯ್ತು, ಮಾಫಿ ಉಳೀತು.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ರಾಜ್ಯ ಇದನ್ನ ಕಿತ್ತುಹಾಕ್ತು. ವೈಯಕ್ತಿಕ ಮತ್ತು ಇತರೆ ಇನಾಂಗಳ ರದ್ದತಿ ಕಾಯ್ದೆ 1954ರದ್ದು, ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳದ್ದು 1955ರದ್ದು. ಆಮೇಲೆ ದೇವರಾಜ ಅರಸು ಅವರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಗೇಣಿದಾರರು ನಮೂನೆ 7 ಅರ್ಜಿ ಹಾಕಿ ಜಮೀನಿನ ಒಡೆಯರಾದರು. ನಮ್ಮ ಕಡೆ ಎಷ್ಟೋ ಮನೆಗಳ ಪಹಣಿ ಈ ಎರಡು ಬಾಗಿಲಲ್ಲಿ ಒಂದರಿಂದ ಬಂದದ್ದು. ಅಂದರೆ ಈಗ ಟೌನ್‌ಶಿಪ್ಪಿಗೆ, ಕೈಗಾರಿಕಾ ಪ್ರದೇಶಕ್ಕೆ ಕೇಳ್ತಿರೋ ಜಮೀನು ರೈತನ ಕೈಗೆ ಬಂದು ಐವತ್ತು, ಎಪ್ಪತ್ತು ವರ್ಷ ಅಷ್ಟೇ. ಆ ಕಾಯ್ದೆಗಳ ಹಿಂದಿನ ತತ್ವ ನೆನಪಿಟ್ಕೊಳ್ಳಿ: ಕೆಲಸ ಇಲ್ಲದ ಮಾಫಿ ಹಕ್ಕಲ್ಲ, ಅದನ್ನ ಸರ್ಕಾರ ವಾಪಸ್ ತಗೋಬಹುದು.

ಈಗ ಕೈಗಾರಿಕೆಗೆ ಬರೋಣ. ಮೈಸೂರು ಸಂಸ್ಥಾನ ಕಂಪನಿಗಳನ್ನ ಕರೆತರೋದರಲ್ಲಿ ಯಾವತ್ತೂ ಹಿಂದೆ ಬಿದ್ದಿರಲಿಲ್ಲ. ನಮಗೆ ಹತ್ತಿರದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಬರೋಕೆ ಎಷ್ಟೋ ದಶಕ ಹಿಡೀತು. ಆದರೂ ಅದರಲ್ಲಿ ಒಂದು ವ್ಯವಹಾರ ಜ್ಞಾನ ಇತ್ತು. ಸರ್ಕಾರ ಗಣಿ ಕಂಪನಿಗಳ ಜೊತೆ ಮೊದಲೇ ಕರಾರು ಮಾಡ್ಕೊಂಡು ವಿದ್ಯುತ್ ಮಾರಿತು, ಚಿನ್ನದ ಮೇಲೆ ರಾಜಧನವನ್ನೂ ತಗೊಂತು.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟೋಕೆ ಜಾಗ ಹುಡುಕ್ತಿದ್ದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆಂಗಳೂರಲ್ಲಿ ಸುಮಾರು 700 ಎಕರೆ ಜಮೀನು ಕೊಡ್ತು. ಅದರ ಜೊತೆ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕ್ತು. ಅದೇ ಇವತ್ತಿನ ಎಚ್‌ಎಎಲ್. ಬಂಡವಾಳ ಹಾಕಿದ್ದರಿಂದ ಸರ್ಕಾರ ಬರೀ ದಾನಿಯಾಗಿ ಉಳೀಲಿಲ್ಲ, ಪಾಲುದಾರ ಆಯ್ತು. ಕಟ್ಟುಕೊಡಗಿಯ ಬುದ್ಧಿ ಇನ್ನೂ ಸ್ವಲ್ಪ ಉಳಿದಿತ್ತು ಅನ್ನಬಹುದು.

1966ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಬಂತು. ನಾವೆಲ್ಲ ಕೆಐಎಡಿಬಿ ಅಂತೀವಲ್ಲ, ಅದರ ಹುಟ್ಟು ಇದರಿಂದ. ಇದರ 28ನೇ ಕಲಂ ರೈತರ ಪಾಲಿಗೆ ದೊಡ್ಡದು. 28(1)ರ ನೋಟಿಸ್ ಬಂತು ಅಂದರೆ ಜಮೀನಿನ ಮೇಲೆ ಕಣ್ಣು ಬಿತ್ತು ಅಂತ, 28(4) ಬಂತು ಅಂದರೆ ಜಮೀನು ಹೋಯ್ತು ಅಂತ ಹಳ್ಳಿಯ ಮುದುಕರಿಗೂ ಬಾಯಿಪಾಠ. 2013ರಲ್ಲಿ ಸಂಸತ್ತು ಹೊಸ ಭೂಸ್ವಾಧೀನ ಕಾಯ್ದೆ ಮಾಡಿ, ಖಾಸಗಿ ಕಂಪನಿಗೆ ಜಮೀನು ತಗೊಳ್ಳೋದಾದರೆ 80 ಭಾಗ ಭೂಮಾಲೀಕರ ಒಪ್ಪಿಗೆ ಬೇಕು, ಸರ್ಕಾರಿ ಖಾಸಗಿ ಸಹಭಾಗಿತ್ವ ಆದರೆ 70 ಭಾಗ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಅಂತ ಹೇಳ್ತು. ಕೆಐಎಡಿಬಿಯ 1966ರ ಕಾಯ್ದೆಯಲ್ಲಿ ಅಂಥ ಒಪ್ಪಿಗೆಯ ಕಲಂ ಇಲ್ಲ.

ಜಮೀನಿನ ಜೊತೆಗೆ ತೆರಿಗೆ. ಎಂಬತ್ತು, ತೊಂಬತ್ತರ ದಶಕದಲ್ಲಿ ರಾಜ್ಯಗಳು ಕಂಪನಿಗಳಿಗೆ ಮಾರಾಟ ತೆರಿಗೆ ಬಿಡೋದರಲ್ಲಿ ಪೈಪೋಟಿಗೆ ಬಿದ್ದವು. ಒಬ್ಬರು ಐದು ವರ್ಷ ಅಂದರೆ ಪಕ್ಕದವರು ಏಳು ವರ್ಷ. ಸಂತೇಲಿ ಟೊಮ್ಯಾಟೊ ಮಾರೋ ನಾವು ಒಬ್ಬರಿಗೊಬ್ಬರು ರೇಟು ಇಳಿಸಿ ಕೊನೆಗೆ ಎಲ್ಲರೂ ಲಾಸ್ ಆಗ್ತೀವಲ್ಲ, ಅದೇ ಥರ. ಕೊನೆಗೆ ರಾಜ್ಯಗಳಿಗೇ ಇದು ಅರ್ಥ ಆಗಿ, 1999ರ ನವೆಂಬರ್‌ನಲ್ಲಿ ಮುಖ್ಯಮಂತ್ರಿಗಳ ಸಭೆ ಸೇರಿ, 2000ದ ಜನವರಿಯಿಂದ ಮಾರಾಟ ತೆರಿಗೆಗೆ ಎಲ್ಲ ಕಡೆ ಒಂದು ಕನಿಷ್ಠ ದರ ಇಡೋಣ, ಮಾಫಿ ಯೋಜನೆ ನಿಲ್ಲಿಸೋಣ ಅಂತ ಒಪ್ಪಿದರು. ಪೈಪೋಟಿ ನಿಂತಿತಾ? ಹೆಸರು ಬದಲಾಯ್ತು. ಮಾಫಿ ಹೋಗಿ ಬಡ್ಡಿರಹಿತ ಸಾಲ ಬಂತು, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದನ್ನೂ ಬದಲಾಯಿಸಿ, ನಮ್ಮ ರಾಜ್ಯದ 2020-25ರ ಕೈಗಾರಿಕಾ ನೀತಿಯಲ್ಲಿ ಕಂಪನಿಯ ವಹಿವಾಟಿನ ಮೇಲೆ ಇಷ್ಟು ಭಾಗ ಅಂತ ಸಬ್ಸಿಡಿ ಬಂತು.

ಹುಡುಗರು ಕೇಳೋ ರಿಜಿಸ್ಟ್ರೇಷನ್ ಪ್ರಶ್ನೆಗೆ ಇಲ್ಲೇ ಉತ್ತರ ಹೇಳ್ತೀನಿ. ನಾವು ಜಮೀನು ಕೊಂಡರೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ 2 ಆಯ್ತು. ಕೈಗಾರಿಕಾ ನೀತಿಯ ರಿಯಾಯಿತಿ ಸಿಕ್ಕವರಿಗೆ ಮುದ್ರಾಂಕ ಶುಲ್ಕ ವಿನಾಯಿತಿ, ನೋಂದಣಿಗೆ ಸಾವಿರಕ್ಕೆ ಒಂದು ರೂಪಾಯಿ, ಭೂಪರಿವರ್ತನೆಗೆ ಕಟ್ಟಿದ ಫೀಸು ವಾಪಸ್. ಹತ್ತು ಲಕ್ಷದ ಜಮೀನಿಗೆ ನಾವು ನೋಂದಣಿ ಶುಲ್ಕ ಒಂದೇ 20,000 ರೂಪಾಯಿ ಕಟ್ಟಬೇಕು, ಸಾವಿರಕ್ಕೆ ಒಂದರ ಲೆಕ್ಕದಲ್ಲಿ ಅದು 1,000 ರೂಪಾಯಿ. ಇದು ಸಣ್ಣ ಕೈಗಾರಿಕೆಗಳಿಗೂ ಸಿಗುತ್ತೆ, ದೊಡ್ಡವರಿಗೆ ಮಾತ್ರ ಅಲ್ಲ. ನಿಮ್ಮಲ್ಲಿ ಯಾರಾದರೂ ರೇಷ್ಮೆ ನೂಲು ಬಿಚ್ಚೋ ಘಟಕ, ಹಣ್ಣು ಸಂಸ್ಕರಣೆ ಘಟಕ ಹಾಕೋರಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಇಷ್ಟೆಲ್ಲ ಕೊಟ್ಟು ನಮ್ಮ ಜಿಲ್ಲೆಗೆ ಏನು ಬಂತು? ಬಂದದ್ದನ್ನ ಬಂತು ಅಂತ ಹೇಳಬೇಕು. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಶುರುವಾಗಿ, 432 ಎಕರೆ ಜಾಗದಲ್ಲಿ 1999ರ ಡಿಸೆಂಬರ್‌ನಲ್ಲಿ ಗಾಡಿ ತಯಾರಿಸೋಕೆ ಶುರು ಮಾಡ್ತು. ಅದರ ಸುತ್ತ ಬಿಡಿಭಾಗದ ಕಾರ್ಖಾನೆಗಳು ಬಂದವು. ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕನಕಪುರ ಕಡೆಯಿಂದ ಬೆಳಗ್ಗೆ ಎಷ್ಟು ಬಸ್ಸು, ಬೈಕು ಹೋಗ್ತವೆ ಅಂತ ರಸ್ತೆಗೆ ಬಂದು ನಿಂತರೆ ಗೊತ್ತಾಗುತ್ತೆ. ನಮ್ಮೂರ ಮಕ್ಕಳೂ ಅದರಲ್ಲಿದ್ದಾರೆ. ಗುತ್ತಿಗೆ ಕೆಲಸ ಜಾಸ್ತಿ, ಕಾಯಂ ಕಡಿಮೆ ಅನ್ನೋ ದೂರು ಇದೆ. ಆದರೂ ಮಳೆ ಕೈಕೊಟ್ಟ ವರ್ಷ ಆ ಸಂಬಳದಿಂದಲೇ ರಾಗಿ ತಂದ ಮನೆಗಳು ಇವೆ. ಇದನ್ನ ಮುಚ್ಚಿಟ್ಟು ವಾದ ಮಾಡಬಾರದು.

ಇದು ಕಾರ್ಖಾನೆಯ ಕಥೆ. ರಿಯಲ್ ಎಸ್ಟೇಟ್ ಕಥೆ ಬೇರೆ. ಕಾರ್ಖಾನೆಗೆ ಕೊಡೋ ಭೂಮಿಗೂ ಮನೆ ಕಟ್ಟಿ ಮಾರೋಕೆ ಕೊಡೋ ಭೂಮಿಗೂ ವ್ಯತ್ಯಾಸ ಇದೆ. ಕಾರ್ಖಾನೆಯವನು ದುಡಿಯೋದು ಸರಕಿಂದ. ಟೌನ್‌ಶಿಪ್ಪಿನವನು ದುಡಿಯೋದು ಆ ನೆಲದ ಬೆಲೆ ಏರೋದರಿಂದಲೇ, ಮತ್ತೆ ಬೆಲೆ ಏರಿಸೋದು ಸರ್ಕಾರದ ರಸ್ತೆ, ನೀರು, ಅನುಮತಿ.

ಬೆಂಗಳೂರು ಮೈಸೂರು ಕಾರಿಡಾರ್ ತಗೊಳ್ಳಿ, ಜನ ನೈಸ್ ರಸ್ತೆ ಅಂತಾರೆ. 1995ರ ಫೆಬ್ರವರಿಯಲ್ಲಿ ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ ಒಡಂಬಡಿಕೆ, 1997ರ ಏಪ್ರಿಲ್‌ನಲ್ಲಿ ಜೆ.ಎಚ್. ಪಟೇಲರ ಕಾಲದಲ್ಲಿ ಒಪ್ಪಂದ. ಒಟ್ಟು 20,193 ಎಕರೆ. ಅದರಲ್ಲಿ ರಸ್ತೆಗೆ ಸುಮಾರು 7,000 ಎಕರೆ, ಐದು ಟೌನ್‌ಶಿಪ್ಪಿಗೆ 13,000 ಎಕರೆ ಮೇಲೆ. ಸರ್ಕಾರಿ ಜಮೀನು ವರ್ಷಕ್ಕೆ ಎಕರೆಗೆ 10 ರೂಪಾಯಿ ಬಾಡಿಗೆಗೆ. 2006ರಲ್ಲಿ ಸುಪ್ರೀಂ ಕೋರ್ಟು ಯೋಜನೆಯನ್ನ ಎತ್ತಿಹಿಡೀತು. ಬೆಂಗಳೂರಿನ ಸುತ್ತಿನ ರಸ್ತೆ, ಲಿಂಕ್ ರಸ್ತೆ ಆದವು, ಟೋಲ್ ಬಂತು. ಮೈಸೂರು ಮುಟ್ಟಬೇಕಿದ್ದ ಎಕ್ಸ್‌ಪ್ರೆಸ್ ರಸ್ತೆ ಮೈಸೂರು ಮುಟ್ಟಲಿಲ್ಲ. ನಾವು ಈಗ ಮೈಸೂರಿಗೆ ಹೋಗೋ ಹತ್ತು ಪಥದ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಮಾಡಿದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದದ್ದು. 2016ರಲ್ಲಿ ಸದನ ಸಮಿತಿ ಕಾರಿಡಾರ್ ಯೋಜನೆ ಮೇಲೆ ಅಕ್ರಮದ ಆರೋಪ ಹೊರಿಸಿ ವರದಿ ಕೊಡ್ತು. ಅದರ ಜಗಳ ಇನ್ನೂ ಕೋರ್ಟು ಕಚೇರಿಗಳಲ್ಲಿ ಸುತ್ತುತ್ತಾ ಇದೆ. ಹಳೇ ಲೆಕ್ಕದಲ್ಲಿ ಕೇಳೋದಾದರೆ: ಕೆರೆ ಪೂರ್ತಿ ಕಟ್ಟದವನಿಗೆ ಕೊಡಗಿ ಜಮೀನು ಎಷ್ಟು ಸಲ್ಲಬೇಕು?

ಆಮೇಲೆ ವಿಶೇಷ ಆರ್ಥಿಕ ವಲಯ. ಕಾಯ್ದೆ 2005ರದ್ದು, ಜಾರಿ 2006ರ ಫೆಬ್ರವರಿಯಲ್ಲಿ. ಒಳಗೆ ಬಂದ ಘಟಕದ ರಫ್ತು ಲಾಭಕ್ಕೆ ಮೊದಲ ಐದು ವರ್ಷ ಆದಾಯ ತೆರಿಗೆ ಪೂರ್ತಿ ಇಲ್ಲ, ಆಮೇಲಿನ ಐದು ವರ್ಷ ಅರ್ಧ. ವಲಯ ಕಟ್ಟೋ ಡೆವಲಪರ್‌ಗೆ ಹದಿನೈದು ವರ್ಷದಲ್ಲಿ ಯಾವುದಾದರೂ ಹತ್ತು ವರ್ಷ ಪೂರ್ತಿ ವಿನಾಯಿತಿ. ವಲಯದ ಒಂದು ಭಾಗದಲ್ಲಿ ಮನೆ, ಅಂಗಡಿ, ಹೋಟೆಲು ಕಟ್ಟೋಕೂ ಅವಕಾಶ ಇತ್ತು. ದೇಶದ ತುಂಬಾ ಜಮೀನಿಗೆ ಮುಗಿಬಿದ್ದರು. ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿ 12,000 ಎಕರೆ ಮೇಲೆ ಪ್ರಸ್ತಾಪ ಬಂದು, ರೈತರು ಎದ್ದು ನಿಂತ ಮೇಲೆ ಕೈಬಿಟ್ಟದ್ದು ಆಗಿನ ಮಾತು. 2014ರಲ್ಲಿ ಸಿಎಜಿ ಲೆಕ್ಕ ತೆಗೆದು ಹೇಳ್ತು: ದೇಶದಲ್ಲಿ 45,635 ಹೆಕ್ಟೇರ್ ಅಧಿಸೂಚನೆ ಆಗಿದೆ, ಕೆಲಸ ಶುರುವಾದದ್ದು 28,488 ಹೆಕ್ಟೇರ್‌ನಲ್ಲಿ. 2006-07ರಿಂದ 2012-13ರವರೆಗೆ ಸಿಕ್ಕ ತೆರಿಗೆ ರಿಯಾಯಿತಿ 83,104 ಕೋಟಿ ರೂಪಾಯಿ. ಬೇಡಿಕೆ ಇಟ್ಟ ಜಮೀನಿನಲ್ಲಿ ಮೂರರಲ್ಲಿ ಒಂದು ಪಾಲಿಗೂ ಮೀರಿ ಸುಮ್ಮನೆ ಬಿದ್ದಿತ್ತು ಅಂತ ಆಯ್ತು.

ಈಗ ನಮ್ಮ ಬಾಗಿಲಿಗೇ ಬಂದ ಕಥೆ. 2006ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಬೆಂಗಳೂರಿನ ಸುತ್ತ ಐದು ಟೌನ್‌ಶಿಪ್ ಘೋಷಣೆ ಮಾಡ್ತು. ಬಿಡದಿ, ರಾಮನಗರ, ಸೋಲೂರು, ನಂದಗುಡಿ, ಐದನೇದು ನಮ್ಮ ಸಾತನೂರು. ಹೌದು, ರಾಗಿ, ರೇಷ್ಮೆ, ಮಾವು ಬೆಳೆದು, ರಾತ್ರಿ ಆನೆ ಕಾಯೋ ಸಾತನೂರು. ಕಬ್ಬಾಳಮ್ಮನ ಜಾತ್ರೆಗೆ, ಮುತ್ತತ್ತಿಗೆ ಹೋಗೋರು ಟೀ ಕುಡಿಯೋಕೆ ಇಳೀತಿದ್ದ ಊರಲ್ಲಿ ಆ ದಿನಗಳಲ್ಲಿ ಬ್ರೋಕರ್‌ಗಳ ಕಾರು ನಿಲ್ಲೋಕೆ ಶುರುವಾಯ್ತು. ಹೆದರಿ ಮಾರಿದವರೂ ಇದ್ದರು, ಸರ್ಕಾರ ಕಿತ್ತುಕೊಳ್ಳೋಕೆ ಮುಂಚೆ ನಾವೇ ಮಾರೋಣ ಅಂತ. ಬೆಲೆ ಬರುತ್ತೆ ಅಂತ ಕಾದವರೂ ಇದ್ದರು. ಇವತ್ತು ಸಾತನೂರಲ್ಲಿ ಆ ಟೌನ್‌ಶಿಪ್ಪಿನ ಒಂದು ಕಲ್ಲೂ ಇಲ್ಲ.

ಐದರಲ್ಲಿ ಮೊದಲು ಮುಂದೆ ಹೋದದ್ದು ಬಿಡದಿ, 9,000 ಎಕರೆ ಮೇಲೆ. ಡಿಎಲ್‌ಎಫ್ ಕಂಪನಿ ದುಬೈನ ಲಿಮಿಟ್‌ಲೆಸ್ ಜೊತೆ ಸೇರಿ ಅದನ್ನ ಹಿಡೀತು. 2008ರಲ್ಲಿ ಪ್ರಪಂಚದ ತುಂಬಾ ರಿಯಲ್ ಎಸ್ಟೇಟ್ ಕುಸಿದಾಗ ಯೋಜನೆ ನಿಂತುಹೋಗಿ, ಕಂಪನಿ ಹಿಂದೆ ಸರೀತು. ಕಂಪನಿಗೆ ಹಿಂದೆ ಸರಿಯೋಕೆ ದಾರಿ ಇತ್ತು. ಬೈರಮಂಗಲ ಸುತ್ತಿನ ರೈತನಿಗೆ ಇರಲಿಲ್ಲ. ಅವನ ಜಮೀನು ಯೋಜನೆಯ ನಕ್ಷೆ ಒಳಗೇ ಉಳೀತು. ಜನ ಅದನ್ನ ರೆಡ್ ಝೋನ್ ಅಂತಲೇ ಕರೆದರು. ಭೂಪರಿವರ್ತನೆ ಆಗಲ್ಲ, ಒಳ್ಳೇ ಬೆಲೆಗೆ ಮಾರೋಕೆ ಆಗಲ್ಲ. ಮಗಳ ಮದುವೆಗೆ ಜಮೀನು ಮಾರಬೇಕು ಅಂದ್ರೆ ಕೊಳ್ಳೋನು ಅರ್ಧ ಬೆಲೆ ಕೇಳ್ತಾನೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹೀಗೆ.

ನನಗೆ ಈ ಇತಿಹಾಸದಲ್ಲಿ ಮುಖ್ಯ ಅನ್ನಿಸೋದು ಇದು. ಪೇಪರಿನಲ್ಲಿ ಬರೋ 'ತೆರಿಗೆ ರಿಯಾಯಿತಿ' ಅನ್ನೋದರಲ್ಲಿ ಸರ್ಕಾರ ಬಿಟ್ಟುಕೊಟ್ಟ ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತೆ. ರೈತ ಬಿಟ್ಟುಕೊಟ್ಟದ್ದು ಯಾವ ಲೆಕ್ಕಕ್ಕೂ ಬರಲ್ಲ. ಇಪ್ಪತ್ತು ವರ್ಷ ಜಮೀನು ಕಟ್ಟಿಹಾಕಿಸಿಕೊಂಡು ಕೂತ ರೈತ, ಬಾರದ ಕಂಪನಿಗೆ ಜಾಗ ಕಾಯ್ದಿಟ್ಟ ಹಾಗಾಯ್ತು. ಅದೂ ಒಂದು ರಿಯಾಯಿತಿ, ಅವನ ಜೇಬಿಂದ ಹೋದದ್ದು. ಅದಕ್ಕೆ ಅವನು ಯಾವ ಕರಾರಿಗೂ ಸಹಿ ಹಾಕಿರಲಿಲ್ಲ.

ತೆರಿಗೆ ಇಳಿಸಿದರೆ ಯಾರ ಮೇಲೆ ಬೀಳುತ್ತೆ ಅನ್ನೋದಕ್ಕೆ ರೇಷ್ಮೆ ಬೆಳೆಗಾರರಿಗೆ ಇನ್ನೊಂದು ಉದಾಹರಣೆ ಹೇಳಬೇಕಿಲ್ಲ, ಆದರೂ ಹೊಸಬರಿಗೆ ಹೇಳ್ತೀನಿ. 2011-12ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನ ನೂರಕ್ಕೆ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ನೇಯ್ಗೆಯವರಿಗೆ ಅನುಕೂಲ ಅಂದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅದರ ಪೆಟ್ಟು ಬಿತ್ತು. 2013-14ರ ಬಜೆಟ್ಟಿನಲ್ಲಿ ಮತ್ತೆ 15ಕ್ಕೆ ಏರಿಸಿದರು. ಅಷ್ಟರಲ್ಲಿ ಕಡ್ಡಿ ಕಿತ್ತು ಬೇರೆ ಬೆಳೆಗೆ ಹೋದವರು ಹೋಗಿದ್ದರು. ದೆಹಲಿಯಲ್ಲಿ ಒಂದು ಸಾಲು ಬದಲಾದರೆ ಚಂದ್ರಿಕೆ ಮೇಲಿನ ಗೂಡಿನ ರೇಟು ಬದಲಾಗುತ್ತೆ.

ಈಚೆಗೆ ಬರೋಣ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ ಅಂತ ಕೆಐಎಡಿಬಿ 1,777 ಎಕರೆಗೆ 2022ರಲ್ಲಿ ನೋಟಿಸ್ ಕೊಡ್ತು. ಹದಿಮೂರು ಹಳ್ಳಿ ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೈಬಿಟ್ಟಿದ್ದೀವಿ ಅಂದರು. ಅದರ ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿಗೆ ಬನ್ನಿ, 8,000 ಎಕರೆ ಮೇಲೆ ಜಮೀನು ಸಿದ್ಧ ಇದೆ, ಒಳ್ಳೇ ಪ್ರೋತ್ಸಾಹ ಕೊಡ್ತೀವಿ ಅಂತ ಕಂಪನಿಗಳನ್ನ ಕರೆದರು. ಅದೇ ವರ್ಷ ಗೂಗಲ್ ಡೇಟಾ ಸೆಂಟರ್ ವಿಶಾಖಪಟ್ಟಣಕ್ಕೆ ಹೋದಾಗ, ಅದಕ್ಕೆ ಆಂಧ್ರ 22,000 ಕೋಟಿ ರೂಪಾಯಿಯಷ್ಟು ರಿಯಾಯಿತಿ ಕೊಟ್ಟಿದೆ ಅಂತ ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಹೇಳಿದರು. 1999ರಲ್ಲಿ ನಿಲ್ಲಿಸ್ತೀವಿ ಅಂದ ಪೈಪೋಟಿ ಎಲ್ಲಿಗೆ ಬಂದಿದೆ ನೋಡಿ.

ಅದೇ 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಾಯ್ತು. ಬೆಂಗಳೂರಿನ ಹೆಸರು ಸೇರಿದರೆ ಜಮೀನಿಗೆ ಬೆಲೆ ಬರುತ್ತೆ ಅನ್ನೋ ವಾದವೂ ಕೇಳಿಬಂತು. ಬಿಡದಿ ಟೌನ್‌ಶಿಪ್ಪಿಗೆ ಒಂಬತ್ತು ಹಳ್ಳಿಗಳಲ್ಲಿ 7,000 ಎಕರೆ ಮೇಲೆ ಮತ್ತೆ ಅಧಿಸೂಚನೆ ಬಂತು. ಈ ಸಲ ದುಡ್ಡು ಬೇಕಾದರೆ ದುಡ್ಡು, ಇಲ್ಲಾ ಅಭಿವೃದ್ಧಿ ಆದ ಜಾಗದಲ್ಲಿ ಪಾಲು ಅಂತಿದ್ದಾರೆ. ಒಪ್ಪಿದವರೂ ಇದ್ದಾರೆ, ಧರಣಿ ಕೂತವರೂ ಇದ್ದಾರೆ. ಇಪ್ಪತ್ತು ವರ್ಷ ಕಟ್ಟಿಹಾಕಿಸಿಕೊಂಡು ಸಾಕಾಗಿ ಒಪ್ಪಿದವನನ್ನ ನಾನು ಬಯ್ಯಲ್ಲ. ಹಸು ಕಟ್ಟಿ ಹಾಲು ಹಾಕಿ ಮನೆ ನಡೆಸ್ತಿರೋ ಹೆಂಗಸು ಒಪ್ಪಲ್ಲ ಅಂದರೆ ಅವಳನ್ನೂ ಬಯ್ಯೋಕಾಗಲ್ಲ. ಪಾಲಿಗೆ ಬಂದ ಸೈಟಿನಲ್ಲಿ ಹಸುಗೆ ಹುಲ್ಲು ಬೆಳೆಯಲ್ಲ.

ಬೇರೆ ದೇಶದಲ್ಲಿ ಇದನ್ನ ಹೇಗೆ ನೋಡ್ಕೊಂಡರು ಅನ್ನೋದಕ್ಕೆ ಒಂದು ಉದಾಹರಣೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2017ರಲ್ಲಿ ಫಾಕ್ಸ್‌ಕಾನ್ ಕಂಪನಿಗೆ ಸುಮಾರು 300 ಕೋಟಿ ಡಾಲರ್ ರಿಯಾಯಿತಿ ಒಪ್ಪಿತು. ನಮ್ಮ ದೇವನಹಳ್ಳಿ ಹತ್ತಿರ ಕಾರ್ಖಾನೆ ಹಾಕಿರೋ ಅದೇ ಫಾಕ್ಸ್‌ಕಾನ್. 13,000 ಕೆಲಸ ಕೊಡ್ತೀವಿ ಅಂದಿದ್ದರು. ಮೌಂಟ್ ಪ್ಲೆಸೆಂಟ್ ಅನ್ನೋ ಊರಲ್ಲಿ ಹೊಲ, ಮನೆ ಬಿಡಿಸಿ ಜಾಗ ಮಾಡಿದರು. ಕಾರ್ಖಾನೆ ಅಂದುಕೊಂಡ ಹಾಗೆ ಬರಲಿಲ್ಲ. 2021ರಲ್ಲಿ ಕರಾರು ಬದಲಾಯಿಸಿ 1,454 ಕೆಲಸ, 8 ಕೋಟಿ ಡಾಲರ್ ರಿಯಾಯಿತಿ ಅಂತ ಇಳಿಸಿದರು. ರಾಜ್ಯ ಯಾಕೆ ಬಚಾವಾಯ್ತು ಅಂದರೆ, ಕೆಲಸ ಕೊಟ್ಟ ಮೇಲೆ ರಿಯಾಯಿತಿ ಅಂತ ಕರಾರಿನಲ್ಲಿ ಬರೆದಿತ್ತು. ಊರಿನವರು ಯಾಕೆ ಸಿಕ್ಕಿಬಿದ್ದರು ಅಂದರೆ, ಜಮೀನು, ರಸ್ತೆ, ನೀರಿನ ಕೊಳವೆಗೆ ಮೊದಲೇ ಖರ್ಚು ಮಾಡಿಬಿಟ್ಟಿದ್ದರು. ಹೋದ ಹೊಲ ವಾಪಸ್ ಬರಲಿಲ್ಲ.

ಇಷ್ಟು ಓದಿ ಯಾರೋ ಕೇಳೇ ಕೇಳ್ತಾರೆ: "ರೈತರಿಗೂ ರಿಯಾಯಿತಿ ಇಲ್ವಾ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ." ಇದೆ, ಇಲ್ಲ ಅನ್ನಲ್ಲ. ಬೋರ್‌ವೆಲ್ ಪಾತಾಳಕ್ಕೆ ಹೋಗೋದರಲ್ಲಿ ಆ ಬಿಟ್ಟಿ ಕರೆಂಟಿನ ಪಾಲೂ ಇದೆ. ನಾನು ಕೇಳೋ ಪ್ರಶ್ನೆ ನಮಗೂ ಅನ್ವಯಿಸಲಿ. ರಿಯಾಯಿತಿ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಕಟ್ಟುಕೊಡಗಿ ಕೊಡದೇ ಇದ್ದಿದ್ದರೆ ನಮ್ಮ ಸೀಮೆಯಲ್ಲಿ ಎಷ್ಟೋ ಕೆರೆ ಇರ್ತಿರಲಿಲ್ಲ.

ಯಾವುದೇ ಯೋಜನೆ ಬಂದರೂ ನಾಲ್ಕು ವಿಷಯ ಕೇಳಿ.

ಒಂದು, ಯಾವ ಕೆಲಸಕ್ಕೆ ಈ ರಿಯಾಯಿತಿ? ಎಷ್ಟು ಕಾಯಂ ಉದ್ಯೋಗ, ಯಾವ ವರ್ಷದೊಳಗೆ ಅಂತ ಬರವಣಿಗೆಯಲ್ಲಿ ಇದೆಯಾ?

ಎರಡು, ಎಷ್ಟು ವರ್ಷಕ್ಕೆ? ಶ್ರಾಯದ ಹಾಗೆ ಮುಗಿಯೋ ದಿನ ಇದೆಯಾ, ಇಲ್ಲಾ ಕಾಯಂಗುತ್ತದ ಹಾಗೆ ಶಾಶ್ವತವಾ?

ಮೂರು, ಕೆಲಸ ಆಗದಿದ್ದರೆ ಏನು? ಬಿಟ್ಟ ತೆರಿಗೆ ವಸೂಲಾಗುತ್ತಾ, ಜಮೀನು ಮೂಲ ರೈತನಿಗೆ ವಾಪಸ್ ಬರುತ್ತಾ, ಅಧಿಸೂಚನೆ ತಾನಾಗಿ ಬಿದ್ದುಹೋಗುತ್ತಾ?

ನಾಲ್ಕು, ಜಮೀನು ಕಟ್ಟಿಹಾಕಿದ ವರ್ಷಗಳಿಗೆ ರೈತನಿಗೆ ಯಾರು ಬಾಡಿಗೆ ಕೊಡ್ತಾರೆ?

ದೊಡ್ಡ ಯೋಜನೆಗಳಿಗೆ ಅನುಮತಿ ಕೊಡೋದು ಮುಖ್ಯಮಂತ್ರಿ ಅಧ್ಯಕ್ಷರಾಗಿರೋ ಉನ್ನತ ಮಟ್ಟದ ಸಮಿತಿ. ಅಲ್ಲಿ ಒಪ್ಪಿದ ರಿಯಾಯಿತಿಯ ಪಟ್ಟಿಯನ್ನ ಆಯಾ ಗ್ರಾಮ ಪಂಚಾಯ್ತಿಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಲಿ, ನರೇಗಾ ಕೂಲಿ ವಿವರ ಬರೆಸ್ತಾರಲ್ಲ, ಹಾಗೆ. ಅಲ್ಲಿಯವರೆಗೆ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಅರ್ಜಿ. ನಿಮ್ಮ ಸರ್ವೆ ನಂಬರ್ ಯಾವುದಾದರೂ ಯೋಜನೆ, ಅಧಿಸೂಚನೆ ಒಳಗೆ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಪಹಣಿಯ 11ನೇ ಕಾಲಂ ಓದಿ, ಯೋಜನಾ ಪ್ರಾಧಿಕಾರದಲ್ಲಿ ನಕ್ಷೆ ಕೇಳಿ. ಮಾರೋಕೂ ಕೊಳ್ಳೋಕೂ ಮುಂಚೆ ಇದನ್ನ ಮಾಡಿ, ಬ್ರೋಕರ್ ಮಾತು ಆಮೇಲೆ ಕೇಳಿ.

ಬಿಡದಿ, ಹಾರೋಹಳ್ಳಿ, ದೇವನಹಳ್ಳಿ ಕಡೆಯವರು ನಿಮ್ಮ ನೋಟಿಸ್ ಬಂದ ವರ್ಷ, ಪರಿಹಾರ ಕೈಗೆ ಬಂದ ವರ್ಷ ಎರಡನ್ನೂ ಕೆಳಗೆ ಬರೀರಿ. ಮಧ್ಯೆ ಎಷ್ಟು ವರ್ಷ ಹೋಯ್ತು ಅಂತ ಎಲ್ಲರೂ ಸೇರಿ ಒಂದು ಲೆಕ್ಕ ಹಾಕೋಣ.